ಮೇಜರರ ಬಾಯಿಗೆ ಹೋದ ಭಾಷಣವನ್ನು ವಾಪಸು ಕೋರಿ

ಇಂದ:
ಆರ್ನಾಲ್ಡ್ ಪಿಲ್ಲಿಂಗ್,
ಬ್ಲ್ಯಾಕ್ ಪುಡಿಂಗ್ ಮತ್ತು ಬೋಟಿ ವ್ಯಾಪಾರಿ,
ಹಳೆ ಮಾರುಕಟ್ಟೆ, ಬ್ರಿಗ್‌ಶಾ, ಲ್ಯಾಂಕಾಶೈರ್, ಉತ್ತರ ಇಂಗ್ಲೆಂಡ್.
(ವಧುವಿನ ತಂದೆ. ಈ ಬಗ್ಗೆ ಇದುವರೆಗೆ ಯಾರದೂ ಆಕ್ಷೇಪಣೆ ಬಂದಿರುವುದಿಲ್ಲ.)

ಗೆ:
ಶ್ರೀಮತಿ ರೋಸಲಿಂಡ್ ಆಶ್‌ಕೂಂಬ್,
ವರನ ತಾಯಿ, ವಿವಾಹ ಸಮಿತಿಯ ಅಧ್ಯಕ್ಷೆ, ಕಾರ್ಯದರ್ಶಿ ಹಾಗೂ ಏಕೈಕ ಸದಸ್ಯೆ,
ಸರ್ರೆ, ದಕ್ಷಿಣ ಇಂಗ್ಲೆಂಡ್.

ವಿಷಯ: ಮಗಳ ಮದುವೆಯ ಊಟದಲ್ಲಿ ವಾಡಿಕೆಯಂತೆ ಆಗಬೇಕಾದ ತಂದೆಯ ಭಾಷಣವನ್ನು ತಂದೆಯೇ ಮಾಡಲು ಅನುಮತಿ ಕೋರಿ.

ಉಲ್ಲೇಖ: ೧) ತಮ್ಮ ಮನೆಯಲ್ಲಿ ನಡೆದ ಭಾನುವಾರದ ಊಟ. ೨) ಸುಗಂಧ ಪೂಸಿದ ಲಕೋಟೆಯಲ್ಲಿ ಬಂದ ತಮ್ಮ ಪತ್ರ. ೩) ಅದರ ಮಾರನೇ ದಿನ ಬಂದ ಮಗಳ ಫೋನು.

ಮಾನ್ಯ ಶ್ರೀಮತಿಯವರೇ,

ಸದರಿ ಅರ್ಜಿದಾರನು ಆರೋಗ್ಯವಾಗಿರುತ್ತಾನೆ. ತಾವೂ ಗಟ್ಟಿಮುಟ್ಟಾಗಿದ್ದೀರೆಂದು ತಮ್ಮ ಪತ್ರದ ಧಾಟಿಯಿಂದಲೇ ತಿಳಿದುಬಂದಿರುತ್ತದೆ. ಆದಕಾರಣ ಕುಶಲಪ್ರಶ್ನೆಗಳನ್ನು ಕೈಬಿಟ್ಟು ನೇರ ವಿಷಯಕ್ಕೆ ಬರಲಾಗಿದೆ.

೧. ಅರ್ಜಿದಾರನು ತನ್ನ ಅಪ್ಪನ ಕಾಲದಿಂದ ಬಂದ ಅಂಗಡಿಯಲ್ಲಿ, ಹಂದಿಯ ರಕ್ತಕ್ಕೆ ಓಟ್ಸ್ ಕಲಸಿ ಕರುಳಿಗೆ ತುಂಬಿ ಕಟ್ಟಿದ ಬ್ಲ್ಯಾಕ್ ಪುಡಿಂಗನ್ನು ಕೂಗಿ ಮಾರಿಕೊಂಡು ಬಂದಿರುತ್ತಾನೆ. ನಮ್ಮ ಮಾರುಕಟ್ಟೆಯಲ್ಲಿ ಬೋರ್ಡು ಓದಿ ಬರುವ ಗಿರಾಕಿ ಇಲ್ಲ; ಕೂಗು ಕೇಳಿ ಬರುತ್ತಾರೆ. "ಬಾ ಲುವ್, ಬಿಸಿಬಿಸಿ ಇದೆ, ಈಗಷ್ಟೇ ಹಂಡೆಯಿಂದ ತೆಗೆದಿದ್ದು!" ಎಂದು ಅರ್ಜಿದಾರ ಗಂಟಲೆತ್ತಿದರೆ ಮಾಡಿನ ಪಾರಿವಾಳಗಳು ಜಾಗ ಬಿಡುತ್ತವೆ. ಮಗಳು ವಕೀಲೆಯಾದದ್ದು ಈ ಗಂಟಲಿನಿಂದಲೇ. ಅಂದರೆ ತಮ್ಮ ಊಟದ ಮೇಜಿನ ಬಳಿ ಯಾವ ಸ್ವರಗಳಿಗೆ ಪ್ರವೇಶವಿಲ್ಲವೆಂದು ತಾವು ತೀರ್ಮಾನಿಸಿದ್ದೀರೋ, ಅವೇ ಸ್ವರಗಳು ತಮ್ಮ ಭಾವೀ ಸೊಸೆಯ ಫೀಸು ಕಟ್ಟಿರುತ್ತವೆ.

೨. ಸದರಿ ಸ್ವರಗಳ ವಿವರ ಹೀಗಿದೆ. ತಾವು ಬಸ್ ಎನ್ನುವುದಕ್ಕೆ ನಾವು ಬುಸ್ ಎನ್ನುತ್ತೇವೆ. ಕಪ್ಪಿಗೆ ಕುಪ್, ಬಟರಿಗೆ ಬುಟರ್, ಲವ್ವಿಗೆ ಲುವ್. ಸ್ನಾನದ ತೊಟ್ಟಿಗೆ ನಾವು ಬ್ಯಾತ್ ಎಂದು ಚುಟುಕಾಗಿ ಹೇಳಿ ಇಳಿದುಬಿಡುತ್ತೇವೆ. ತಮ್ಮ ಕಡೆಯವರು ಬಾ...ತ್ ಎಂದು ರಾಗ ಎಳೆದು ಮುಗಿಸುವಷ್ಟರಲ್ಲಿ ನೀರು ತಣ್ಣಗಾಗಿರುತ್ತದೆ. ಹುಲ್ಲಿಗೆ ತಾವು ಗ್ರಾಸ್ ಅನ್ನಿ, ನಾವು ಗ್ರ್ಯಾಸ್ ಅನ್ನುತ್ತೇವೆ. ಇದುವರೆಗೆ ಯಾವ ಹಸುವೂ ಉಚ್ಚಾರಣೆ ಸರಿಯಿಲ್ಲವೆಂದು ಮೇವು ಬಿಟ್ಟದ್ದು ವರದಿಯಾಗಿಲ್ಲ.

೩. ಅರ್ಜಿದಾರನ ಮಗಳಿಗೆ ತೀರಿಹೋದ ಅವನ ತಾಯಿಯ ಹೆಸರನ್ನೇ ಇಟ್ಟು ಡುಲ್ಸಿ ಎಂದು ಕರೆಯಲಾಯಿತು. ಅವಳು ಲಂಡನ್ನಿಗೆ ಹೋದ ಮೊದಲ ಚಳಿಗಾಲದಲ್ಲೇ ಬುಸ್ ಬಸ್ಸಾಯಿತು. ಆಮೇಲೆ ಬ್ಯಾತ್ ಬಾತ್ ಆಯಿತು. ಕೊನೆಗೆ ಅವಳ ಹೆಸರೇ ಡಲ್ಸಿ ಎಂದಾಯಿತು. ಅರ್ಜಿದಾರನ ಹೆಂಡತಿ ಬೆರಿಲ್ ಆಗ ಬದುಕಿದ್ದಳು. ಒಂದು ದಿನ ಫೋನಿಟ್ಟು ಬಂದು, "ಯಾರೋ ಡಲ್ಸಿ ಅಂತೆ ರೀ, ಬ್ಯಾಂಕಿನವಳಿರ್ಬೇಕು. ನಮ್ಗೆ ಸಾಲಗೀಲ ಏನೂ ಬೇಡಮ್ಮ ಅಂತ ಇಟ್ಟೆ" ಎಂದಳು. ಮಗಳೇ ಮತ್ತೆ ಫೋನು ಮಾಡಿದಾಗ ಗಂಡಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆರಿಲ್ ಹೋದ ಮೇಲೆ ಅರ್ಜಿದಾರನಿಗೆ ಆ ಮಾತು ನೆನಪಾದರೆ ನಗು ಬರುವುದಿಲ್ಲ.

೪. ತಮ್ಮ ಮನೆಯಿಂದ ಊಟದ ಕರೆ ಬಂದಾಗ ಅರ್ಜಿದಾರನು ಮಗಳ ಮುಖ ಉಳಿಸಬೇಕೆಂದು ನಿಶ್ಚಯಿಸಿದನು. ಯಾರೂ ಕೇಳಿರಲಿಲ್ಲ. ಪಕ್ಕದ ಅಂಗಡಿಯಲ್ಲಿ ಚೀಸ್ ಮಾರುವ ಗ್ಲೆನಿಸ್ ಬಳಿ ವಿಚಾರಿಸಲಾಗಿ, ಆಕೆ ಒಂದು ಸೂತ್ರ ಹೇಳಿಕೊಟ್ಟಳು. ಒಂದು ಕಾಲದಲ್ಲಿ ದಕ್ಷಿಣದ ಹೋಟೆಲೊಂದರಲ್ಲಿ ಹಾಸಿಗೆ ಕೊಡವಿದ ಅನುಭವ ಆಕೆಗಿದೆ.

"ಅದ್ರಲ್ಲೇನಿದೆ ಮಣ್ಣು! ನಾವು ಎಲ್ಲೆಲ್ಲಿ ತುಟಿ ಮುಂದೆ ಮಾಡಿ 'ಉ' ಅಂತೀವೋ, ಅಲ್ಲೆಲ್ಲ ಬಾಯಿ ಬಿಟ್ಟು 'ಅ' ಅನ್ನು. ಮೂಗು ಸ್ವಲ್ಪ ಮೇಲಿರ್ಲಿ. ಅಷ್ಟೇ ಅವ್ರ ದೊಡ್ಡಸ್ತಿಕೆ!"

"ಎಲ್ಲಾ ಕಡೆನೂನಾ?"

"ಎಲ್ಲಾ ಕಡೆನೂ. ಅವ್ರಿಗೆ 'ಉ' ಅಂದ್ರೆ ಮೈಲಿಗೆ ಕಣಯ್ಯಾ."

ಅರ್ಜಿದಾರನು ವಾರವಿಡೀ ಬೋಟಿ ತೊಳೆಯುತ್ತಾ ಸಾಧನೆ ಮಾಡಿದನು. ಬಸ್, ಕಪ್, ಬಟರ್. ನಾಲಗೆ ಹೇಳಿದಂತೆ ಕೇಳಿತು. ಗಿರಾಕಿಗಳು ಮಾತ್ರ, "ಏನಯ್ಯಾ ಆರ್ನಾಲ್ಡ್, ಹಲ್ಲು ಕೀಳಿಸ್ಕೊಂಡ್ಯಾ?" ಎಂದು ಕೇಳಿದರು.

೫. ಭಾನುವಾರದ ಘಟನೆಗಳು ತಮ್ಮ ಸಮಕ್ಷಮದಲ್ಲೇ ನಡೆದಿರುತ್ತವೆ. ಆದರೂ ತಾವು ಅಂದು ಕರವಸ್ತ್ರದ ಹಿಂದೆ ಇದ್ದ ಕಾರಣ, ದಾಖಲೆಗಾಗಿ ಇಲ್ಲಿ ನಮೂದಿಸಲಾಗಿದೆ.

ಊಟ ಮುಗಿದ ಮೇಲೆ ತಾವು ಕಿತ್ತಲಿ ಹಿಡಿದು, "ಮಿಸ್ಟರ್ ಪಿಲ್ಲಿಂಗ್, ಟೀಗೆ ಏನು ಹಾಕಲಿ?" ಎಂದಿರಿ.

"ಸ್ವಲ್ಪ ಷಗರ್" ಎಂದನು ಅರ್ಜಿದಾರ.

"ಕ್ಷಮಿಸಿ, ಏನು?"

"ಷಗರ್. ಎರಡು ಚಮಚ."

ಗ್ಲೆನಿಸ್‌ಳ ಸೂತ್ರದಲ್ಲಿ ಒಂದು ದೋಷವಿದ್ದು, ಅದು ಅರ್ಜಿದಾರನಿಗೆ ಆಗ ತಿಳಿದಿರಲಿಲ್ಲ. ಎಲ್ಲ 'ಉ'ಗಳೂ ದಕ್ಷಿಣದಲ್ಲಿ 'ಅ' ಆಗುವುದಿಲ್ಲ. ಕೆಲವನ್ನು ತಾವೂ ನಮ್ಮಂತೆಯೇ 'ಉ' ಎನ್ನುತ್ತೀರಿ. ಷುಗರ್ ತಮ್ಮಲ್ಲೂ ಷುಗರೇ. ಯಾವುದು ಬದಲಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದಕ್ಕೆ ಕಾನೂನಿಲ್ಲ. ಅಲ್ಲಿ ಹುಟ್ಟಿರಬೇಕು, ಅಷ್ಟೇ. ಈ ತಪ್ಪನ್ನು ದಕ್ಷಿಣದವನು ಮಾಡಲಾರ, ಫ್ರಾನ್ಸಿನವನೂ ಮಾಡಲಾರ. ತಮ್ಮಂಥವರನ್ನು ಮೆಚ್ಚಿಸಲು ಹೊರಟ ನಮ್ಮ ಕಡೆಯವನು ಮಾತ್ರ ಮಾಡುತ್ತಾನೆ.

ಅಷ್ಟರಲ್ಲಿ ತಮ್ಮ ಮೈದುನ, ನಿವೃತ್ತ ಮೇಜರ್ ಪೆರೆಗ್ರಿನ್ ಅವರು, "ಮತ್ತೆ ತಾವು ಏನು ವೃತ್ತಿ ಮಾಡ್ಕೊಂಡಿದ್ದೀರಿ?" ಎಂದು ಕೇಳಿದರು. ಮಗಳು ಹೇಳಿದ್ದನ್ನು ಅವರು ಅದಾಗಲೇ ಕೇಳಿದ್ದರು. ಆದರೂ ಕೇಳಿದರು.

"ನಮ್ಮಪ್ಪ ಬಚರ್. ನಂದು ಬ್ಲ್ಯಾಕ್ ಪಡಿಂಗ್" ಎಂದನು ಅರ್ಜಿದಾರ. ಕಟುಕನಿಗೆ ಬುಚರ್ ಎನ್ನಬೇಕಿತ್ತು, ಪುಡಿಂಗ್ ಎನ್ನಬೇಕಿತ್ತು. ಜನ್ಮವಿಡೀ ಸರಿಯಾಗಿಯೇ ಕೂಗಿಕೊಂಡು ಬಂದ ಪದವದು. ಮಾತು ತಿರುಗಿಸಲು ಅರ್ಜಿದಾರನು ಕೂತ ದಿಂಬನ್ನು ತಟ್ಟಿ, "ಈ ಕಷನ್ ಬಹಳ ಚೆನ್ನಾಗಿದೆ ಮೇಡಂ" ಎಂದೂ ಸೇರಿಸಿದನು. ಕುಷನ್ ತನ್ನ ಪಾಡಿಗೆ ಸುಮ್ಮನಿತ್ತು; ಅದರ ತಂಟೆಗೆ ಹೋಗಬಾರದಿತ್ತು. ಮೇಜರರು ಕೆಮ್ಮುತ್ತಾ ತೋಟಕ್ಕೆ ಹೋದರು. ಅವರಿಗೆ ಕೆಮ್ಮು ಇರಲಿಲ್ಲ. ತಮ್ಮ ಮಗ ಟೋಬಿ ಒಬ್ಬನೇ ನಗದೆ, ಅರ್ಜಿದಾರನ ಟೀಗೆ ಸಕ್ಕರೆ ಹಾಕಿ ಕಲಕಿ ಕೊಟ್ಟನು. ಹುಡುಗ ಒಳ್ಳೆಯವನು. ಯಾರನ್ನು ಹೋತನೋ ತಿಳಿಯದು.

೬. ಈ ಸಂದರ್ಭದಲ್ಲಿ ತಮ್ಮ ಮನೆಯ ಉಚ್ಚಾರಣೆಯ ಬಗ್ಗೆಯೂ ಎರಡು ಮಾತು ನಮೂದಿಸದಿದ್ದರೆ ನ್ಯಾಯವಾಗಲಾರದು. ತಮ್ಮ ಗೇಟಿನ ಮೇಲೆ ಫೆದರ್‌ಸ್ಟನ್‌ಹಾಲ್ ಎಂದು ಕೆತ್ತಿಸಿದ್ದೀರಿ; ಬಾಯಲ್ಲಿ ಅದನ್ನು ಫೆನ್ಸಲ್ ಎನ್ನುತ್ತೀರಿ. ಅಷ್ಟುದ್ದ ಹೆಸರಿನಲ್ಲಿ ಮುಕ್ಕಾಲು ಭಾಗ ನುಂಗುವವರು ಇನ್ನೊಬ್ಬರ ಒಂದು 'ಉ'ಕಾರಕ್ಕೆ ಮೂಗು ಮುರಿಯುವುದು, ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪಕ್ಕದ ಎಲೆಯ ನೊಣ ತೋರಿಸಿದಂತೆ. ಮೇಜರರು ಹೌಸಿಗೆ ಹೈಸ್ ಎನ್ನುತ್ತಾರೆ, ಫೈರ್ ಎನ್ನಲು ಹೋಗಿ ಫಾ ಎಂದು ಅರ್ಧಕ್ಕೇ ಕೈಬಿಡುತ್ತಾರೆ. ಯುದ್ಧದಲ್ಲಿ ಅವರ ಆಜ್ಞೆ ಸೈನಿಕರಿಗೆ ಹೇಗೆ ಅರ್ಥವಾಯಿತೋ ದೇವರೇ ಬಲ್ಲ. ಇನ್ನು ಟೀಯ ಜೊತೆ ಬಂದ ಆ ಒಣ ಬನ್ನನ್ನು ತಾವು ಸ್ಕಾನ್ ಎಂದಿರಿ. ತಮ್ಮ ಓರಗಿತ್ತಿ ಸ್ಕೋನ್ ಎಂದರು. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದ್ದನ್ನು ಅರ್ಜಿದಾರ ಕಣ್ಣಾರೆ ಕಂಡಿದ್ದಾನೆ. ಒಂದೇ ಅಡುಗೆಮನೆಯಲ್ಲಿ ಒಮ್ಮತ ಇಲ್ಲದವರು ದೇಶದ ನಾಲಗೆಯನ್ನೆಲ್ಲ ತಿದ್ದಲು ಹೊರಟಿದ್ದಾರೆ.

೭. ಊಟದ ನಂತರ ಮಗಳು ಅರ್ಜಿದಾರನನ್ನು ಕಾರಿನಲ್ಲಿ ಸ್ಟೇಷನ್ನಿಗೆ ಬಿಡಲು ಬಂದಳು. ಅರ್ಧ ದಾರಿಯಲ್ಲಿ ಸಿಡಿದಳು.

"ಯಾಕ್ ಹಂಗ್ ಮಾತಾಡಿದ್ರಿ ಡ್ಯಾಡ್? ಯಾರ್ ಹೇಳಿದ್ರು ನಿಮ್ಗೆ?"

"ನಿನ್ಗೆ ಅವಮಾನ ಆಗ್ಬಾರ್ದು ಅಂತ ಲುವ್..."

"ನೀವು ನಿಮ್ ಹಾಗೇ ಮಾತಾಡಿದ್ರೆ ನಂಗೇನೂ ಆಗ್ತಿರ್ಲಿಲ್ಲ! ಅವ್ರ ಹಾಗೆ ಆಡೋಕ್ ಹೋದ್ರಲ್ಲ... ನಾನು ಹತ್ತು ವರ್ಷದಿಂದ ಮಾಡ್ತಿರೋದೂ ಅದೇ. ಹಿಂಗೇ ಕಾಣ್ಸುತ್ತಾ ನಾನೂ?"

ಪಕ್ಕದಿಂದ ಒಂದು ವಾಹನ ನುಗ್ಗಿ ಬಂತು. ಅರ್ಜಿದಾರನು "ನೋಡ್ಕೊಂಡು ಹೋಗು" ಎಂದನು. "ಆ ಬುಸ್ ಮೊದ್ಲು ಹೋಗ್ಲಿ ಇರಿ ಡ್ಯಾಡ್, ಕಣ್ಣು ಕಾಣಿಸ್ತಿಲ್ಲ ನಂಗೆ" ಎಂದು ಅವಳು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಕಣ್ಣೊರೆಸಿಕೊಂಡಳು. ಬುಸ್ ಎಂದದ್ದು ಅವಳಿಗೆ ಗೊತ್ತಾಗಲಿಲ್ಲ. ಅರ್ಜಿದಾರನಿಗೆ ಗೊತ್ತಾಯಿತು. ಅವನಿಗೆ ಆಗ ಆದ ಸಂತೋಷ, ಅಳುತ್ತಿರುವ ಮಗಳ ಪಕ್ಕದಲ್ಲಿ ಕೂತ ಅಪ್ಪನಿಗೆ ಆಗಬಾರದಂಥದ್ದು.

೮. ಹೀಗಿರುತ್ತಾ ತಮ್ಮ ಪತ್ರ ಬಂದಿರುತ್ತದೆ. ಅದರಲ್ಲಿ ತಾವು, "ಅತಿಥಿಗಳಲ್ಲಿ ವಯಸ್ಸಾದವರೂ ಇರುವುದರಿಂದ, ಎಲ್ಲರಿಗೂ ಅರ್ಥವಾಗಲೆಂದು, ವಧುವಿನ ತಂದೆಯ ಭಾಷಣವನ್ನು ಅವರ ಪರವಾಗಿ ಮೇಜರ್ ಪೆರೆಗ್ರಿನ್ ಸಂತೋಷದಿಂದ ಓದುತ್ತಾರೆ, ನಮ್ಮ ಚರ್ಚಿನಲ್ಲಿ ಬೈಬಲ್ ಓದುವುದೂ ಅವರೇ" ಎಂದು ತಿಳಿಸಿರುತ್ತೀರಿ. ವಧುವಿನ ಕೈ ಹಿಡಿದು ಚರ್ಚಿನೊಳಗೆ ನಡೆಸಿಕೊಂಡು ಬರುವ ಕೆಲಸವನ್ನು ಅರ್ಜಿದಾರನಿಗೇ ಬಿಟ್ಟಿದ್ದೀರಿ. ನಡಿಗೆಗೆ ಉಚ್ಚಾರಣೆ ಇಲ್ಲವೆಂಬ ಕಾರಣಕ್ಕೆ ಇರಬಹುದೆಂದು ಭಾವಿಸಲಾಗಿದೆ.

ಪತ್ರವನ್ನು ಒಲೆಗೆ ಹಾಕಿ ಅರ್ಜಿದಾರ ನೆಮ್ಮದಿಯಾಗಿ ನಿದ್ದೆ ಮಾಡಬಹುದಿತ್ತು. ಆದರೆ ಮಾರನೇ ದಿನ ಮಗಳ ಫೋನು ಬಂತು.

"ಮೇಜರ್ ಓದ್ಲಿ ಬಿಡಿ ಡ್ಯಾಡ್. ಅವತ್ತು ಅವ್ರು ನಕ್ಕಿದ್ದು ನೋಡಿದೆ. ನನ್ ಮದ್ವೇಲಿ ಮತ್ತೆ ನಗ್ತಾರೆ. ಅದನ್ನ ನೋಡ್ತಾ ಕೂರೋಕೆ ನನ್ ಕೈಲಿ ಆಗಲ್ಲ."

ಅರ್ಜಿದಾರನು "ಆಯ್ತು ಲುವ್" ಎಂದು ಫೋನಿಟ್ಟನು. ತಾವು ಬರೆದದ್ದು ಅವನಿಗೆ ತಾಗಲಿಲ್ಲ. ತಮ್ಮಂಥವರ ಮಾತು ಅವನ ಚರ್ಮಕ್ಕೆ ಇಳಿಯುವುದಿಲ್ಲ. ಮಗಳು ಒಪ್ಪಿದ್ದು ತಾಗಿತು. ಈ ಸುದ್ದಿ ಕೇಳಿದ ಗ್ಲೆನಿಸ್, "ಹೆತ್ತವನು ಮೂಗನ ಹಾಗೆ ಕೂರೋದು, ಇನ್ಯಾವನೋ ಎದ್ದು 'ನನ್ನ ಮಗಳು' ಅಂತ ಓದೋದು! ಥೂ ನಿಮ್ಮ! ಮದುವೆನೋ ನಾಟಕನೋ?" ಎಂದು ಚೀಸ್ ಕೊಯ್ಯುವ ತಂತಿ ಎತ್ತಿಕೊಂಡು ಸರ್ರೆಗೇ ಹೊರಟಿದ್ದಳು. ಆಕೆಯನ್ನು ಸಮಾಧಾನಪಡಿಸಲಾಗಿದೆ. ಮದುವೆಗೆ ಆಕೆಯೂ ಬರುತ್ತಾಳೆ. ತಂತಿಯನ್ನು ಊರಲ್ಲೇ ಬಿಟ್ಟು ಬರುವಂತೆ ತಿಳಿಹೇಳಲಾಗುವುದು.

ಆದ್ದರಿಂದ, ಮೇಲ್ಕಾಣಿಸಿದ ಎಲ್ಲ ಕಾರಣಗಳಿಂದ, ಸದರಿ ಭಾಷಣವನ್ನು ಮೇಜರರ ಬಾಯಿಂದ ಬಿಡಿಸಿ, ಅದು ಹುಟ್ಟಿದ ಬಾಯಿಗೇ ಮರಳಿಸಬೇಕೆಂದು ಪ್ರಾರ್ಥಿಸಲಾಗಿದೆ. ಅರ್ಜಿದಾರನು ಅಂದು ಒಂದೇ ಒಂದು 'ಅ'ಕಾರವನ್ನೂ ಎರವಲು ತರುವುದಿಲ್ಲವೆಂದು ಈ ಮೂಲಕ ಮುಚ್ಚಳಿಕೆ ಬರೆದುಕೊಡುತ್ತಾನೆ. ನಗುವವರು ನಗಲಿ. ಈ ಸಲ ಅವನು ನಕಲು ಮಾಡಿದ್ದಕ್ಕೆ ನಗಬೇಕಾಗಿಲ್ಲ, ಅವನು ಅವನಾಗಿರುವುದಕ್ಕೆ ನಗಬೇಕು. ಅದನ್ನು ಮಗಳು ತಾಳಿಕೊಂಡಾಳೆಂಬ ನಂಬಿಕೆ ಅವನಿಗಿದೆ. ಹಾಗೂ ತಮ್ಮ ಅತಿಥಿಗಳಿಗೆ ಅರ್ಥವಾಗದ ಪದವೇನಾದರೂ ಬಂದಲ್ಲಿ ಟೋಬಿ ವಿವರಿಸಬಲ್ಲ. ಅವನಿಗೆ ಅಂದು ಷಗರ್ ಸಹ ಅರ್ಥವಾಗಿತ್ತು.

ತಮ್ಮ ವಿಶ್ವಾಸಿಯಾಗಲು ಪ್ರಯತ್ನಿಸಿ ಸೋತಿರುವ,
ಆರ್ನಾಲ್ಡ್ ಪಿಲ್ಲಿಂಗ್

ಅಡಕಗಳು:
೧) ಭಾಷಣದ ಪ್ರತಿ, ಮೂರು ಪುಟ, ಲ್ಯಾಂಕಾಶೈರ್ ಸ್ವರಗಳ ಸಮೇತ.
೨) ಬ್ಲ್ಯಾಕ್ ಪುಡಿಂಗ್, ಒಂದು ಸುತ್ತು. ಹುರಿದು ತಿನ್ನುವುದು. ಹೆಸರು ಹೇಗೆ ಹೇಳಿದರೂ ರುಚಿ ಕೆಡುವುದಿಲ್ಲ.

ಪ್ರತಿ: ಕುಮಾರಿ ಡುಲ್ಸಿ ಪಿಲ್ಲಿಂಗ್, ವಧು, ಇವರ ಮಾಹಿತಿಗಾಗಿ.

ವಿಶೇಷ ಸೂಚನೆ: ಈ ಅರ್ಜಿ ತಿರಸ್ಕೃತವಾಗಿ ಮೇಜರರೇ ಓದುವುದಾದಲ್ಲಿ, ಒಂದು ಸಣ್ಣ ವಿವರಣೆ ಬೇಕಾಗಿದೆ. ಮೂರನೇ ಪುಟದಲ್ಲಿ, "ಇವತ್ತು ನಿನ್ನಮ್ಮ ಇರಬೇಕಿತ್ತು" ಎಂಬ ಸಾಲು ಬರುತ್ತದೆ. ಅಂಗಡಿ ಮುಚ್ಚಿದ ಮೇಲೆ ದಿನವೂ ಓದಿ ನೋಡಲಾಗಿದ್ದು, ಅರ್ಜಿದಾರನು ಇದುವರೆಗೆ ಆ ಸಾಲನ್ನು ದಾಟಿರುವುದಿಲ್ಲ. ಆ ಜಾಗದಲ್ಲಿ ಅಳಬೇಕಾದವರು ಮೇಜರರೋ ಅಥವಾ ಅರ್ಜಿದಾರನೋ ಎಂಬುದನ್ನು ಮುಂಚಿತವಾಗಿ ಲಿಖಿತ ಮೂಲಕ ತಿಳಿಸತಕ್ಕದ್ದು.