ಆಕಾಶಕ್ಕೆ ಥರ್ಮಾಮೀಟರ್ ಹಿಡಿದು ಚಳಿ ವಿರಾಮ ಪಡೆದ ಬಗ್ಗೆ

ಕೊಯಿವುರಾಂತಾ ಪುರಸಭೆ
ಉದ್ಯಾನ ವಿಭಾಗ
ಸುತ್ತೋಲೆ ಸಂಖ್ಯೆ: ಉವಿ/ತಾಪ/೧೪(ಅ)

ವಿಷಯ: ಗುರಿಯಿಟ್ಟ ವಸ್ತುವಿನ ತಾಪವನ್ನು ದೂರದಿಂದಲೇ ಅಳೆಯುವ ಇನ್ಫ್ರಾರೆಡ್ ಥರ್ಮಾಮೀಟರನ್ನು ಯಾವ ದಿಕ್ಕಿಗೆ ಹಿಡಿಯತಕ್ಕದ್ದು ಎಂಬ ಕುರಿತು.
ಉಲ್ಲೇಖ: ಮೇಲ್ವಿಚಾರಕಿ ಶ್ರೀಮತಿ ಔನೆ ಕೆಂಪ್ಪೈನೆನ್ ಅವರ ಮೌಖಿಕ ದೂರು (ಏರುದನಿಯಲ್ಲಿ).

ಹೊರಗಿನ ತಾಪಮಾನ ಮೈನಸ್ ಇಪ್ಪತ್ತೈದಕ್ಕಿಂತ ಕೆಳಗಿಳಿದರೆ ಕೆಲಸ ನಿಲ್ಲಿಸಬಹುದೆಂಬ ನಿಯಮವು ಜಾರಿಯಲ್ಲಿರುತ್ತದೆ. ನಡುಬೇಸಿಗೆ ಹಬ್ಬದ ಹಿಂದಿನ ವಾರ, ಬಿಸಿಲು ಸುಡುತ್ತಿರುವಾಗ, ಮಾಲಿ ಶ್ರೀ ಇಲ್ಪೊ ಹುಟ್ಟುನೆನ್ ಅವರು ಸದರಿ ಉಪಕರಣವನ್ನು ಮೋಡವಿಲ್ಲದ ಆಕಾಶಕ್ಕೆ ಹಿಡಿದಿರುತ್ತಾರೆ. ಅದು ಮೈನಸ್ ಮೂವತ್ತೊಂದು ತೋರಿಸಿದೆ. ಕೂಡಲೇ ಎಲ್ಲ ಮಾಲಿಗಳೂ ಚಳಿ ವಿರಾಮ ಪಡೆದು ಸರೋವರದಲ್ಲಿ ಈಜಿರುವುದು ಕಂಡುಬಂದಿದೆ.

ಹಬ್ಬಕ್ಕೆಂದು ಪಟ್ಟಣದ ಚೌಕದಲ್ಲಿ ನೆಟ್ಟಿದ್ದ ಹೂವಿನ ಸಸಿಗಳನ್ನು ಶ್ರೀಮತಿ ಔನೆ ಅವರು ಚಳಿಗಾಲದಿಂದಲೂ ತಮ್ಮ ಅಡುಗೆಮನೆ ಕಿಟಕಿಯಲ್ಲಿ ಬೆಳೆಸಿದ್ದು, ಅಂದು ಅವರೊಬ್ಬರೇ ನೀರು ಹೊತ್ತರೂ ಅರ್ಧದಷ್ಟು ಸಸಿಗಳು ಬಾಡಿಹೋಗಿವೆ.

ವಿಚಾರಣೆಯಲ್ಲಿ ಶ್ರೀ ಇಲ್ಪೊ ಅವರು, “ಯಾವ ಕಡೆ ಹಿಡೀಬೇಕು ಅಂತ ನಿಯಮದಲ್ಲಿ ಎಲ್ಲಿದೆ ಸಾರ್?” ಎಂದಿರುತ್ತಾರೆ. ಶ್ರೀಮತಿ ಔನೆ ಅವರು, “ನೆಲಕ್ಕೆ ಹಿಡಿಯೋ ಮಾರಾಯ! ಗಿಡದ ಬೇರು ಆಕಾಶದಲ್ಲಿದ್ಯಾ?” ಎಂದಿರುತ್ತಾರೆ. ಅದರಂತೆ ಕಚೇರಿ ಅಂಗಳದ ನೆಲಕ್ಕೆ ಹಿಡಿಯಲಾಗಿ ನಲವತ್ತಾರು ತೋರಿಸಿದ್ದು, ಮಾಲಿಗಳು ಸೆಕೆ ವಿರಾಮಕ್ಕೂ ಅರ್ಹರಾಗಿರುತ್ತಾರೆ. ಶ್ರೀಮತಿ ಔನೆ ಅವರು ಬಕೆಟ್ ಎತ್ತಿಕೊಂಡು ಹೊರನಡೆದಿರುತ್ತಾರೆ.

ಆದ್ದರಿಂದ ಎಲ್ಲ ಸಿಬ್ಬಂದಿಗೆ ಸೂಚಿಸುವುದೇನೆಂದರೆ:

೧. ಉಪಕರಣವನ್ನು ಆಕಾಶಕ್ಕೆ ಹಿಡಿಯತಕ್ಕದ್ದಲ್ಲ. ಆಕಾಶವು ಪುರಸಭೆಯ ಸರಹದ್ದಿನಲ್ಲಿ ಬರುವುದಿಲ್ಲ.

೨. ನೆಲಕ್ಕೂ ಹಿಡಿಯತಕ್ಕದ್ದಲ್ಲ. ನೆಲವು ರಸ್ತೆ ವಿಭಾಗಕ್ಕೆ ಸೇರಿದ್ದು.

೩. ನೇರ ಮುಂದಕ್ಕೆ ಹಿಡಿಯತಕ್ಕದ್ದು. ಎದುರಿಗೆ ಹಿಮಸಾರಂಗ ಅಥವಾ ಮೇಲಧಿಕಾರಿ ನಿಂತಿದ್ದಲ್ಲಿ, ಅವರಾಗಿ ಸರಿಯುವವರೆಗೆ ಕಾಯತಕ್ಕದ್ದು.

೪. ಮೋಡ ಕವಿದಾಗ ಆಕಾಶವು ಬೆಚ್ಚಗೆ ತೋರುವುದರಿಂದ ಅಂದು ಕಲಂ ೧ ಅನ್ವಯಿಸುವುದಿಲ್ಲ. ಗಿಡಗಳಿಗೆ ನೀರುಣಿಸುವ ಕೆಲಸವನ್ನು ಮಳೆ ಬರುವ ದಿನಗಳಲ್ಲಿ ಚುರುಕುಗೊಳಿಸತಕ್ಕದ್ದು.

೫. ಹಬ್ಬದ ಬೆಳಿಗ್ಗೆ ಶ್ರೀ ಇಲ್ಪೊ ಅವರು ಯಾರೂ ಹೇಳದೆಯೇ ತಮ್ಮ ತಾಯಿಯ ತೋಟದ ಗಿಡಗಳನ್ನು ತಂದು, ಬಾಡಿದ ಸಸಿಗಳ ಜಾಗದಲ್ಲಿ ನೆಟ್ಟಿರುತ್ತಾರೆ. “ಔನಕ್ಕನ ಮುಖ ನೋಡಕ್ಕಾಗ್ಲಿಲ್ಲ ಸಾರ್” ಎಂಬ ಅವರ ವಿವರಣೆ ಸಮಾಧಾನಕರವಾಗಿಲ್ಲ. ರಜಾ ದಿನದಂದು ಪೂರ್ವಾನುಮತಿಯಿಲ್ಲದೆ ಕೆಲಸ ಮಾಡಿದ್ದಕ್ಕಾಗಿ ಅವರಿಗೆ ನೋಟಿಸು ಜಾರಿಗೊಳಿಸಲಾಗಿದೆ.

(ಸಹಿ/-)
ಪ್ರಭಾರ ವಿಭಾಗಾಧಿಕಾರಿ

ಪ್ರತಿಗಳು:
೧. ರಸ್ತೆ ವಿಭಾಗಕ್ಕೆ: ತಮ್ಮ ನೆಲ ಕಾದಿರುವ ಬಗ್ಗೆ ಸೂಕ್ತ ಕ್ರಮಕ್ಕಾಗಿ.
೨. ಶ್ರೀ ಇಲ್ಪೊ ಹುಟ್ಟುನೆನ್ ಅವರ ತಾಯಿಗೆ: ಮಾಹಿತಿಗಾಗಿ.
೩. ಶ್ರೀಮತಿ ಔನೆ ಕೆಂಪ್ಪೈನೆನ್ ಅವರಿಗೆ: ತಾವು ಕೋರಿದ್ದ ನೀರಿನ ಕೊಳವೆಯ ಬದಲಿಗೆ ಇನ್ನೊಂದು ಥರ್ಮಾಮೀಟರ್ ಮಂಜೂರಾಗಿದೆ.