ಆಂಟೆನಾ ಕರಾರು

ಕಲ್ಲೇಶಪ್ಪನವರು ಬರೆದ ಕರಾರಿನಿಂದ ಇರುವೆಯೂ ನುಸುಳಿಕೊಳ್ಳಲಾರದು ಎಂದು ಚನ್ನಗಿರಿಯೆಲ್ಲ ಹೇಳುತ್ತಿತ್ತು. ಹಾಗೆ ಹೇಳಲು ಕಲಿಸಿದವರು ತಾಲ್ಲೂಕು ಕಚೇರಿ ಎದುರು ಮೂವತ್ತು ವರ್ಷದಿಂದ ಪತ್ರ ಬರೆಯುತ್ತಿದ್ದ ಕಲ್ಲೇಶಪ್ಪನವರೇ!

ಇಂಥವರ ಪಕ್ಕದ ಮನೆಗೆ, ಎಂಬತ್ತಾರರ ಯುಗಾದಿ ಮುಗಿದ ವಾರ ಟಿ.ವಿ. ಬಂತು. ತಂದವನಾದರೂ ಯಾರು? ರುಜು ಹಾಕುವಾಗ ನಾಲಿಗೆ ಹೊರಗೆ ಚಾಚುವ ಗೊಬ್ಬರದಂಗಡಿ ಗಾದ್ರಪ್ಪ! ಕಲ್ಲೇಶಪ್ಪನವರ ಹೊಟ್ಟೆಗೆ ಬೆಂಕಿ ಬಿತ್ತು. ಮೂರು ದಿನ ಊಟ ಸೇರಲಿಲ್ಲ.

ನಾಲ್ಕನೆಯ ದಿನ ಗಾದ್ರಪ್ಪನೇ ಕೈಮುಗಿದು ಬಂದ. ಅವನ ಹೆಂಚಿನ ಮನೆಗೆ ಇವರ ಮಹಡಿ ಅಡ್ಡವಾಗಿ ಟಿ.ವಿ.ಯಲ್ಲಿ ಬರೀ ಚುಕ್ಕಿ ಕಾಣುತ್ತಿದ್ದವಂತೆ; ಇವರ ತಾರಸಿ ಮೇಲೆ ಆಂಟೆನಾ ನಿಲ್ಲಿಸಬೇಕಂತೆ. ಕಲ್ಲೇಶಪ್ಪನವರು ಹಿಗ್ಗಿ ಛಾಪಾ ಕಾಗದ ತೆಗೆದರು. ಟಿ.ವಿ. ಮುಂದಿನ ಎರಡು ಕುರ್ಚಿ ಸದಾ ತಾರಸಿ ಮಾಲೀಕರ ಕುಟುಂಬಕ್ಕೇ ಮೀಸಲು. ತಾರಸಿಗೆ ಹೊರಗಿನವರು ಹತ್ತಕೂಡದು. ಸದರಿ ಆಂಟೆನಾ ತಿರುಗಿಸುವ ಸಕಲ ಹಕ್ಕು ಬಾಧ್ಯತೆಗಳು ಮಾಲೀಕರವು. ಐದು ವರ್ಷ ಕರಾರು ಮುರಿಯುವಂತಿಲ್ಲ, ಅನ್ಯಾಯವೆಂದು ತಕರಾರು ತೆಗೆಯುವಂತಿಲ್ಲ.

"ಬ್ಯಾರೆ ದಾರಿ ಇಲ್ಲ ಅಂತ ಬಂದೋರ ಹತ್ರ ಹಿಂಗೆಲ್ಲ ಬರಸ್ಕಾಬಾರ್ದು ಕಣ್ರೀ," ಎಂದರು ಹೆಂಡತಿ ಅನ್ನಪೂರ್ಣಮ್ಮ.

"ನಾನೇನು ಅವನ ಕೈ ಹಿಡ್ಕಂಡು ರುಜು ಹಾಕಿಸ್ತೀನಾ?"

ಗಾದ್ರಪ್ಪ ಓದದೆಯೇ, ನಾಲಿಗೆ ಚಾಚಿ ರುಜು ಹಾಕಿದ.

ಭಾನುವಾರ ಸಂಜೆ ಸಿನಿಮಾ. ಬೀದಿಗೆ ಬೀದಿಯೇ ನೆರೆದಿತ್ತು. ಕಲ್ಲೇಶಪ್ಪನವರು ಇಸ್ತ್ರಿ ಪಂಚೆ ಉಟ್ಟು ಮುಂದಿನ ಕುರ್ಚಿಯನ್ನು ಅಲಂಕರಿಸಿದರು. ನಾಯಕಿ ಬಾವಿಗೆ ಹಾರಲು ಹೊರಟಳು, ಚಿತ್ರ ನಡುಗಿಹೋಯಿತು. ಆಂಟೆನಾ ತಿರುಗಿಸಿ ಬಾ ಎಂದು ಇವರು ಗಾದ್ರಪ್ಪನಿಗೆ ಹೇಳಿದರು.

"ನಾನು ಹತ್ತಂಗಿಲ್ಲ ಅಂತ ನೀವೇ ಬರ್ದೀರಲ್ಲಣ್ಣ. ಆಮ್ಯಾಲೆ ಓದಿಸ್ದೆ. ಬಾಧ್ಯತೆನೂ ನಿಮ್ದೇ ಅಂತೆ."

ಹಾಳು ಅಭ್ಯಾಸ! ಹಕ್ಕು ಎಂದು ಬರೆದ ಕೂಡಲೇ ಕೈ ತಾನಾಗಿ ಪಕ್ಕದಲ್ಲಿ ಬಾಧ್ಯತೆಯನ್ನೂ ಗೀಚಿಬಿಟ್ಟಿತ್ತು. ಕಲ್ಲೇಶಪ್ಪನವರು ಪಂಚೆ ಎತ್ತಿಕಟ್ಟಿ ಮೆಟ್ಟಿಲು ಹತ್ತಿದರು. ಕೆಳಗಿಳಿದರೆ ಚಿತ್ರ ಮತ್ತೆ ನಡುಗುತ್ತಿತ್ತು. ನಾಯಕಿ ಬಾವಿಗೆ ಬಿದ್ದಳೋ ಬದುಕಿದಳೋ ಅವರಿಗೆ ಇಂದಿಗೂ ಗೊತ್ತಿಲ್ಲ.

ನಾಲ್ಕು ಭಾನುವಾರ ತಾರಸಿಯ ಮೇಲೇ ಕಳೆದವು. ಕೆಳಗೆ ಬೀದಿಯೆಲ್ಲ ನಗುತ್ತಿದ್ದರೆ ಇವರ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯುತ್ತಿತ್ತು. ಐದನೆಯ ವಾರ ಮಾನ ಬಿಟ್ಟು ಗಾದ್ರಪ್ಪನ ಬಾಗಿಲಿಗೆ ಹೋದರು.

"ಇದು ತೀರಾ ಅನ್ಯಾಯದ ಕರಾರು ಕಣಪ್ಪ. ಹರಿದು ಹಾಕಾನ."

"ಅನ್ಯಾಯ ಅನ್ನಂಗಿಲ್ಲ ಅಂತ ಐತಲ್ಲಣ್ಣ," ಎಂದ ಗಾದ್ರಪ್ಪ, ಬಹು ವಿನಯದಿಂದ.

ಆ ಸಂಜೆಯೂ ಚಿತ್ರ ನಡುಗಿತು. ತಾರಸಿ ಹತ್ತಿದವರು ಆಂಟೆನಾದ ಕಂಬಿ ಹಿಡಿದುಕೊಂಡು, ಹೊರಗೆ ಬಂದ ಹೆಂಡತಿಯನ್ನು ಸಣ್ಣ ದನಿಯಲ್ಲಿ ಕೇಳಿದರು: ನನ್ನ ಕುರ್ಚಿ ಮೇಲೆ ಯಾರು ಕೂತಿದಾರೆ?

"ಯಾರ್ನೂ ಕುಂದ್ರಾಕೆ ಬಿಟ್ಟಿಲ್ಲ ಕಣ್ರೀ, ಕರಾರೈತಲ್ಲ," ಎಂದರು ಅನ್ನಪೂರ್ಣಮ್ಮ. "ಐದು ವರ್ಷ ಖಾಲಿ ಇಟ್ಟಿರ್ತೀವಿ. ಈಗ ಒಂಚೂರು ಎಡಕ್ಕೆ ತಿರುಗ್ಸ್ರಿ."