ಒಂದೇ ತಾಳೆಮರದ ಆದಾಯದಲ್ಲಿ ಸುಖವಾಗಿರುವ ನಮ್ಮ ಸಂಸಾರ

ಯಲಹಂಕ ಹೋಬಳಿ,
೧೨ ನವೆಂಬರ್ ೨೦೧೮

ಹೆಬ್ಬಾಳದ ತಾಳೆ ಮರುನಾಟಿ ನೆರವು ಘಟಕದ ಪರಿಶೀಲನಾಧಿಕಾರಿಗಳ ದಿವ್ಯ ಸನ್ನಿಧಿಗೆ,

ಮಾನ್ಯರೇ,

ತಮ್ಮನ್ನು ಕಾಣಲು ಏಳು ಸಲ ಮೂರು ಮಹಡಿ ಹತ್ತಿ ಬಂದು, ಏಳು ಸಲವೂ ತಮ್ಮ ಕುರ್ಚಿಗೆ ಹೊದಿಸಿದ ಟವೆಲ್ಲಿನ ದರ್ಶನ ಮಾತ್ರ ಪಡೆದು ಮರಳಿದ ರಾಧಾಮಣಿ ಎಂಬ ನಾನು, ತಮಗೂ ಆ ಟವೆಲ್ಲಿಗೂ ಸಮನಾಗಿ ನಮಸ್ಕರಿಸಿ ಬರೆಯುವುದೇನೆಂದರೆ, ತಮ್ಮ ಕಡತದ ಪ್ರಕಾರ ನಾವು ಇಲ್ಲಿ ಬಹಳ ಸುಖವಾಗಿದ್ದೇವೆ. ಆ ಸುಖ ಇನ್ನು ತಡೆಯಲಾಗುತ್ತಿಲ್ಲ, ಅದಕ್ಕೇ ಈ ಪತ್ರ.

ವಿಷಯ ತಮಗೆ ನೆನಪಿರಲಿಕ್ಕಿಲ್ಲ. ನಮ್ಮ ಎರಡು ಎಕರೆ ಎಣ್ಣೆತಾಳೆ ತೋಟಕ್ಕೆ ಇಪ್ಪತ್ತಾರು ವರ್ಷ ತುಂಬಿ, ಗಳಕ್ಕೆ ಕುಡುಗೋಲು ಕಟ್ಟಿದರೂ ಗೊನೆ ಎಟುಕದಷ್ಟು ಮರಗಳು ಎತ್ತರವಾದಾಗ, 'ಹಳೆಯ ಮರ ಕಡಿದು ಹೊಸ ಸಸಿ ನೆಡಿ, ಸಸಿ ಫಸಲಿಗೆ ಬರುವ ಮೂರು ವರ್ಷ ನಿಮ್ಮ ಕೈ ಹಿಡಿಯುತ್ತೇವೆ' ಎಂದು ತಮ್ಮ ಘಟಕವೇ ಮನೆಮನೆಗೆ ಕರಪತ್ರ ಹಂಚಿತು. ಯಜಮಾನರು ಹೋದ ಮೇಲೆ ನನಗೂ ನಮ್ಮತ್ತೆ ದ್ರೌಪದಮ್ಮನವರಿಗೂ ಈ ತೋಟವೇ ಅನ್ನ. ಆದರೂ ನಂಬಿ ಕಡಿಸಿದೆವು.

ಒಂದನ್ನು ಬಿಟ್ಟು. ತೋಟ ಬೋಳಿಸುವಾಗ ಮೂಲೆಯ ಒಂದು ಮರವನ್ನು ಮುನೇಶ್ವರನಿಗೆಂದು ಉಳಿಸುವುದು ನಮ್ಮ ಮನೆತನದ ಪದ್ಧತಿ. ಅರಿಶಿನ ಕುಂಕುಮ ಬಳಿದ ಮೇಲೆ ಅದರ ಗರಿಯನ್ನೂ ಯಾರೂ ಮುಟ್ಟುವುದಿಲ್ಲ. ಹಣ್ಣು ಅಳಿಲಿನ ಪಾಲು. ಪರಿಶೀಲನೆಗೆ ದಯಮಾಡಿಸಿದ ತಾವು, ನೂರಹದಿಮೂರು ಸಸಿಗಳ ಮೇಲೆ ಜೀಪಿನಿಂದಲೇ ಒಮ್ಮೆ ಕಣ್ಣಾಡಿಸಿ, ಆ ಮರವನ್ನು ಮಾತ್ರ ಕತ್ತೆತ್ತಿ ನೋಡಿ, 'ಹಳೆಯ ಮರ ಫಸಲಿನಲ್ಲಿದೆ, ಆದಾಯ ನಷ್ಟ ಕಂಡುಬಂದಿಲ್ಲ' ಎಂದು ಷರಾ ಬರೆದಿರಿ.

ಒಂದು ಮರ ಎರಡು ಎಕರೆಯ ಆದಾಯ ಕೊಡುತ್ತದೆಂದು ಕಂಡುಹಿಡಿದ ತಮಗೆ ಇನ್ನೂ ಯಾರೂ ಶಾಲು ಹೊದಿಸಿ ಮೈಸೂರು ಪೇಟ ತೊಡಿಸದಿರುವುದು ನಾಡಿನ ದೌರ್ಭಾಗ್ಯ. ತಾವು ಸಕುಟುಂಬರಾಗಿ ಬಂದು, ಮೂರು ವರ್ಷ ಈ ಮರದ ಮೇಲೆಯೇ ಜೀವನ ಮಾಡಿ ನಮಗೆ ದಾರಿ ತೋರಿಸಬೇಕು. ಅಳಿಲಿನ ಹತ್ತಿರ ಮಾತಾಡಿ ತಮಗೊಂದು ಪಾಲು ಬಿಡಿಸಿಕೊಡುವುದು ನನ್ನ ಜವಾಬ್ದಾರಿ.

ಮೇಲ್ಮನವಿ ಕೊಟ್ಟಾಗ, 'ಸದರಿ ಮರದ ಫಸಲನ್ನು ಮಾರುತ್ತಿಲ್ಲವೆಂದು ಶ್ರೀ ಮುನೇಶ್ವರ ಎಂಬುವವರಿಂದ ಹೆಬ್ಬೆಟ್ಟು ಒತ್ತಿಸಿದ ಪತ್ರ, ವಿಳಾಸದ ದಾಖಲೆ ಸಮೇತ' ತರಬೇಕೆಂದು ಉತ್ತರ ಬಂತು. ಪೂಜಾರಿ ಆನಂದಪ್ಪನವರ ಮೈಮೇಲೆ ದೇವರು ಬಂದಾಗ ಅದನ್ನೂ ಕೇಳಿದೆವು. ದೇವರು ಸುರುಟು ಹಚ್ಚಿಸಿಕೊಂಡು, ಅರ್ಜಿಯನ್ನು ತಲೆಕೆಳಗಾಗಿ ಹಿಡಿದು ಪೂರ್ತಿ ಓದಿ, "ಯಾವನ್ಲಾ ಅವ್ನು? ಕರ್ಕೊಂಬನ್ನಿ ಇಲ್ಗೆ. ಎಬ್ಬೆಟ್ಟೇನು, ಐದು ಬೆಳ್ಳೂ ಒತ್ತಿ ಕಳುಸ್ತೀನಿ" ಎಂದು ಅಪ್ಪಣೆ ಕೊಡಿಸಿತು. ಇದನ್ನೇ ಒಪ್ಪಿಗೆಯೆಂದು ದಾಖಲಿಸಿಕೊಳ್ಳಬೇಕಾಗಿ ವಿನಂತಿ.

ನೆರವೇ ಸಿಗಲಿಲ್ಲ ಎಂದರೆ ನನ್ನ ನಾಲಗೆ ಬಿದ್ದುಹೋದೀತು. 'ಆದಾಯ ನಷ್ಟವನ್ನು ನಗುನಗುತ್ತಾ ಎದುರಿಸುವುದು' ಎಂಬ ಒಂದು ದಿನದ ತರಬೇತಿಯನ್ನು ಗಂಗಾನಗರದ ಛತ್ರವೊಂದರಲ್ಲಿ ಏರ್ಪಡಿಸಿ, ಉಸಿರು ಎಳೆದು ಬಿಡುವುದನ್ನು ಕಲಿಸಿದಿರಿ. ಎಳೆದೆವು, ಬಿಟ್ಟೆವು. ಪ್ರಮಾಣಪತ್ರವನ್ನು ನಮ್ಮತ್ತೆ ರಾಗಿಹಿಟ್ಟಿನ ಡಬ್ಬಕ್ಕೆ ಮುಚ್ಚಳ ಮಾಡಿಕೊಂಡಿದ್ದಾರೆ, ಬಹಳ ಉಪಯೋಗವಾಗಿದೆ.

ಇನ್ನು ನೇರವಾಗಿ ಹೇಳುತ್ತೇನೆ. ಲೇಔಟ್ ಮಾಡಿಸುವ ನಮ್ಮ ಭಾವ ಚನ್ನಕೇಶವ ದಿನಾ ಬಂದು, "ಮೂರ್ ವರ್ಷ ಏನಮ್ಮಾ ಗಾಳಿ ಕುಡೀತೀರಾ? ಕೊಟ್ಬಿಡಿ, ಸೈಟ್ ಮಾಡ್ಸಣ" ಎನ್ನುತ್ತಾರೆ. ಸಂಕ್ರಾಂತಿಯೊಳಗೆ ನೆರವು ಬಾರದಿದ್ದರೆ ಸಹಿ ಹಾಕುವುದಾಗಿ ನಮ್ಮತ್ತೆ ಮಾತು ಕೊಟ್ಟುಬಿಟ್ಟಿದ್ದಾರೆ. ನನಗೆ ಕೊಡಲು ಇಷ್ಟವಿಲ್ಲ. ಸಸಿ ನೆಟ್ಟವಳು ನಾನು, ಮೊದಲ ಗೊನೆಯನ್ನು ನಾನೇ ಕೊಯ್ಯಬೇಕು. ಆದ್ದರಿಂದ ಆ ಒಂದು ಸಾಲು ಷರಾವನ್ನು ಹೊಡೆದುಹಾಕಬೇಕು. ಅದು ಕಷ್ಟವಾದರೆ, ಮೂರು ವರ್ಷದ ಬೆಳವಣಿಗೆಯನ್ನು ಸಂಕ್ರಾಂತಿಯೊಳಗೆ ಮುಗಿಸತಕ್ಕದ್ದೆಂದು ಸಸಿಗಳಿಗೇ ಒಂದು ಸುತ್ತೋಲೆ ಹೊರಡಿಸಬೇಕು.

ಕಡತದಲ್ಲಿ ಸುಖವಾಗಿರುವ,
ತಮ್ಮ ವಿಶ್ವಾಸಿ,
ರಾಧಾಮಣಿ

ವಿ.ಸೂ.: ಪತ್ರ ಅಂಚೆಗೆ ಹಾಕುವಷ್ಟರಲ್ಲಿ, ಆ ಮರದ ಮುಂದೆ ಎಂದೂ ಚಪ್ಪಲಿ ಮೆಟ್ಟಿ ನಡೆಯದ ನಮ್ಮತ್ತೆ, "ತಪ್ಪಾಯ್ತು ಕಣಪ್ಪಾ, ಬ್ಯಾರೆ ದಾರಿ ಇಲ್ಲ" ಎಂದು ಅದಕ್ಕೆ ಕೈಮುಗಿದು, ತಾವೇ ನಿಂತು ಕಡಿಸಿಬಿಟ್ಟರು. ಎರಡು ದಿನ ಊಟ ಬಿಟ್ಟು ಅತ್ತರು. ಅದಕ್ಕೆ ನಾನು ತಮ್ಮನ್ನು ಕ್ಷಮಿಸಿಲ್ಲ. ಬುಡದ ಫೋಟೋ ಲಗತ್ತಿಸಿದೆ, ಷರಾ ತಿದ್ದಲು ಇನ್ನು ಅಡ್ಡಿಯಿಲ್ಲ. ನೆಲೆ ತಪ್ಪಿದ ದೇವರನ್ನು ಇನ್ನೊಂದು ಮರಕ್ಕೆ ಕರೆದೊಯ್ಯಲೇಬೇಕಲ್ಲ. ಯಾವುದೆಂದು ಕೇಳಿದರೆ, ಮುನೇಶ್ವರ ತಮ್ಮ ಕಚೇರಿಯ ಗೇಟಿಗೆ ಅಂಟಿಕೊಂಡ ಹೊಂಗೆಮರವನ್ನೇ ಆರಿಸಿಕೊಂಡಿದ್ದಾನೆ. ಬರುವ ಅಮಾವಾಸ್ಯೆಗೆ ತಮಟೆ, ಕರಿಕೋಳಿ ಸಮೇತ ಊರೆಲ್ಲ ಬರುತ್ತಿದ್ದೇವೆ. ತಾವು ಸೀಟಿನಲ್ಲಿ ಇಲ್ಲದಿದ್ದರೂ ಚಿಂತೆಯಿಲ್ಲ, ಅಮಾವಾಸ್ಯೆ ತಿಂಗಳಿಗೊಂದು ಇದ್ದೇ ಇರುತ್ತದೆ.